ಮೊದಲು ತಂತಿ, ಆಮೇಲೆ ಗಾಡಿ: ಕರೆಂಟಿನ ಕಾರು ಕೊಳ್ಳುವ ಮುನ್ನ ಒಂದು ಲೆಕ್ಕ

“ಉಸ್ತಾದ್, ಕರೆಂಟಿನ ಕಾರು ತಗೊಳ್ಬಹುದಾ?” ಊರಿನಿಂದ ಬರುವ ಫೋನುಗಳಲ್ಲಿ ಈಗ ಈ ಪ್ರಶ್ನೆ ಜಾಸ್ತಿಯಾಗಿದೆ. ಗಲ್ಫಿನಿಂದ ರಜೆಗೆ ಬಂದವರು ಕೇಳುತ್ತಾರೆ, ಬಂದರಿನಲ್ಲಿ ಅಂಗಡಿ ಇಟ್ಟವರು ಕೇಳುತ್ತಾರೆ, ಬಾಡಿಗೆ ಕಾರು ಓಡಿಸುವ ಹುಡುಗರೂ ಕೇಳುತ್ತಾರೆ. ಮದ್ರಸದಲ್ಲಿ ಪಾಠ ಮಾಡುವವನಲ್ಲಿ ಕಾರಿನ ವಿಷಯ ಯಾಕೆ ಕೇಳುತ್ತಾರೆ ಅಂದರೆ, ಮಾತು ಶುರುವಾಗುವುದು ಸಾಲ ಮತ್ತು ಬಡ್ಡಿಯಿಂದ. ಆದರೆ ಐದು ನಿಮಿಷ ಮಾತಾಡಿದರೆ ನಿಜವಾದ ಸಂಶಯಗಳು ಹೊರಬರುತ್ತವೆ. ಚಾರ್ಜ್ ಮಾಡುವುದು ಎಲ್ಲಿ? ಶಿರಾಡಿ ಘಾಟಿ ಹತ್ತುತ್ತದಾ? ಬ್ಯಾಟರಿ ಹೋದರೆ ಏನು ಗತಿ? ಗೃಹಜ್ಯೋತಿಯ ಸೊನ್ನೆ ಬಿಲ್ಲು ಉಳಿಯುತ್ತದಾ?

ಕಾರು ಒಳ್ಳೆಯದಾ ಕೆಟ್ಟದಾ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಕಾರು ಒಳ್ಳೆಯದೇ. ಶಬ್ದ ಇಲ್ಲ, ಹೊಗೆ ಇಲ್ಲ, ಎಂಜಿನ್ ಆಯಿಲ್ ಬದಲಿಸುವ ಗೊಡವೆ ಇಲ್ಲ. ಆದರೆ ಒಂದೇ ಕಾರು ಒಬ್ಬನಿಗೆ ಲಾಭ, ಪಕ್ಕದ ಮನೆಯವನಿಗೆ ನಷ್ಟ ಆಗುವುದುಂಟು. ಅದಕ್ಕೆ ಕಾರಣ ಕಾರಿನಲ್ಲಿಲ್ಲ, ಅದು ರಾತ್ರಿ ನಿಲ್ಲುವ ಜಾಗದಲ್ಲಿದೆ. ಅಲ್ಲಿ ಒಂದು ಗಟ್ಟಿ ಪ್ಲಗ್ ಇದೆಯಾ ಎಂಬುದರ ಮೇಲೆ ಬಹುಪಾಲು ತೀರ್ಮಾನ ನಿಂತಿದೆ. ಈ ಮಾತನ್ನು ನಾನು ಈಗ ಇರುವ ಊರಿನ ಕಥೆಯಿಂದಲೇ ಹೇಳಬಹುದು.

1902ರಲ್ಲಿ ಇಲ್ಲಿ ನಡೆದದ್ದು

ನಾನಿರುವುದು ಮಾರಿಕುಪ್ಪಂನಲ್ಲಿ. ಬಂಗಾರಪೇಟೆಯಿಂದ ಕವಲೊಡೆದು ಕೋಲಾರ ಚಿನ್ನದ ಗಣಿಯ ಕಡೆಗೆ ಬರುವ ರೈಲು ಮಾರ್ಗದ ಕೊನೆಯ ನಿಲ್ದಾಣ ಇದು. ಕರಾವಳಿಯವರಿಗೆ ಕೆಜಿಎಫ್ ಅಂದರೆ ಸಿನಿಮಾ. ಇಲ್ಲಿಯವರಿಗೆ ಅದು ಮುಚ್ಚಿದ ಗಣಿ, ಸಾಲು ಸಾಲು ಲೈನ್ ಮನೆಗಳು, ಮತ್ತು ಬೆಳಗಾಗುವ ಮೊದಲೇ ಬೆಂಗಳೂರಿಗೆ ರೈಲು ಹಿಡಿಯುವ ಜನ.

ಒಂದು ಇಂಧನ ಬಿಟ್ಟು ಇನ್ನೊಂದಕ್ಕೆ ಹೋಗುವುದು ಈ ಊರಿಗೆ ಹೊಸತಲ್ಲ. ಚಿನ್ನದ ಗಣಿಯ ಯಂತ್ರಗಳು ಮೊದಲು ಓಡುತ್ತಿದ್ದದ್ದು ಉಗಿಯಿಂದ. ಅದಕ್ಕೆ ಕಲ್ಲಿದ್ದಲು ಬೇಕು, ಸೌದೆ ಬೇಕು, ಎರಡನ್ನೂ ದೂರದಿಂದ ತರಬೇಕು. ಖರ್ಚು ವಿಪರೀತ. ಆಗ ಮೈಸೂರು ಸಂಸ್ಥಾನ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತೆಗೆಯುವ ಯೋಜನೆ ಹಾಕಿತು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪೆನಿಯ ಜೊತೆ ವಿದ್ಯುತ್ ಮಾರಾಟದ ಒಪ್ಪಂದವಾಯಿತು. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ತಂತಿಯ ಮೂಲಕ ಕರೆಂಟು ಕೋಲಾರದ ಗಣಿಗೆ ಬಂತು. ಅಷ್ಟು ದೂರ ವಿದ್ಯುತ್ ಸಾಗಿಸುವುದು ಆ ಕಾಲಕ್ಕೆ ಲೋಕದಲ್ಲೇ ದೊಡ್ಡ ಸುದ್ದಿ. ಬೆಂಗಳೂರು ನಗರಕ್ಕೆ ಕರೆಂಟಿನ ದೀಪ ಬಂದದ್ದು ಅದಾಗಿ ಮೂರು ವರ್ಷದ ಮೇಲೆ, 1905ರ ಆಗಸ್ಟ್‌ನಲ್ಲಿ.

ಇಲ್ಲಿ ಕೆಲಸ ನಡೆದ ಕ್ರಮವನ್ನು ಗಮನಿಸಿ. ಮೊದಲು ವಿದ್ಯುತ್ ಕೇಂದ್ರ ಕಟ್ಟಿದರು, ಆಮೇಲೆ ತಂತಿ ಎಳೆದರು. ಉಗಿಯ ಯಂತ್ರ ಬಿಟ್ಟು ಕರೆಂಟಿನ ಮೋಟಾರಿಗೆ ಹೋದದ್ದು ಅದರ ನಂತರ. “ನೀವು ಮೋಟಾರು ತಗೊಳ್ಳಿ, ಕರೆಂಟು ಎಲ್ಲಿಂದಾದರೂ ಹೊಂದಿಸಿಕೊಳ್ಳಿ” ಎಂದು ಯಾರೂ ಗಣಿಯವರಿಗೆ ಹೇಳಲಿಲ್ಲ.

ಇಂದು ಕಾರಿನ ವಿಷಯದಲ್ಲಿ ಕ್ರಮ ತಲೆಕೆಳಗಾಗಿದೆ. ಮೊದಲು ಗಾಡಿ ಮಾರುತ್ತಾರೆ. ತಂತಿಯ ಚಿಂತೆ ಕೊಂಡವನ ತಲೆಗೆ. ಸ್ವಂತ ಮನೆ, ಅಂಗಳ, ಗೇಟು ಇದ್ದವನಿಗೆ ಅದೊಂದು ಚಿಂತೆಯೇ ಅಲ್ಲ. ಬಾಡಿಗೆ ಮನೆಯವನಿಗೆ, ಫ್ಲ್ಯಾಟಿನ ಮೂರನೇ ಮಹಡಿಯವನಿಗೆ, ಲೈನ್ ಮನೆಯವನಿಗೆ ಅದೇ ದೊಡ್ಡ ತಡೆ.

ಮೊದಲ ಕಾರು ಕಲಿಸಿದ ಪಾಠ

ಕರೆಂಟಿನ ಕಾರು ನಮ್ಮ ರಾಜ್ಯಕ್ಕೆ ಮೊನ್ನೆ ಮೊನ್ನೆ ಬಂದದ್ದೂ ಅಲ್ಲ. ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ತಂಡ ತಯಾರಿಸಿದ ರೇವಾ ಎಂಬ ಪುಟ್ಟ ಕಾರು 2001ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಅದೇ ವರ್ಷ ಫೆಬ್ರವರಿ 28ರಂದು ಇಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು.

ರೇವಾದಲ್ಲಿ ಇದ್ದದ್ದು ಹಳೆಯ ಸೀಸದ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಆಸುಪಾಸು ಓಡುತ್ತಿತ್ತು. ಬೆಂಗಳೂರಿನ ಬೀದಿಗಳಲ್ಲಿ ಅಪರೂಪಕ್ಕೆ ಒಂದು ಕಾಣುತ್ತಿತ್ತು. ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿಗೆ ಹೋಗಿ ಅಲ್ಲಿ ಹೆಸರು ಮಾಡಿತು. ಯಾಕೆ? ಅಲ್ಲಿ ನಗರದ ನಡುವೆ ಹೋಗುವ ಕಾರುಗಳು ಕಟ್ಟಬೇಕಾದ ಶುಲ್ಕದಿಂದ ಅದಕ್ಕೆ ವಿನಾಯಿತಿ ಸಿಕ್ಕಿತು, ಪಾರ್ಕಿಂಗಿನಲ್ಲೂ ರಿಯಾಯಿತಿ ಸಿಕ್ಕಿತು. ಕಾರು ಒಂದೇ, ಊರು ಬೇರೆ. ಊರು ಅನುಕೂಲ ಮಾಡಿಕೊಟ್ಟ ಕಡೆ ಅದು ಓಡಿತು. 2010ರಲ್ಲಿ ಆ ಕಂಪೆನಿಯ ಹೆಚ್ಚಿನ ಪಾಲು ಮಹೀಂದ್ರಾದ ಕೈಗೆ ಹೋಯಿತು.

ಆಮೇಲೆ ಸರಕಾರಗಳೂ ಎಚ್ಚೆತ್ತವು. 2017ರಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆಂದೇ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಇಂದು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿವೆ, ದೇಶದಲ್ಲೇ ಮುಂಚೂಣಿ. ಕೇಳಲಿಕ್ಕೆ ಖುಷಿಯಾಗುತ್ತದೆ. ಆದರೆ ಅವುಗಳಲ್ಲಿ ಬಹುಪಾಲು ಇರುವುದು ಬೆಂಗಳೂರಿನಲ್ಲಿ. ಉಳಿದದ್ದನ್ನು ಇಡೀ ರಾಜ್ಯ ಹಂಚಿಕೊಳ್ಳಬೇಕು. ಅದರಲ್ಲಿ ಕೋಲಾರಕ್ಕೆಷ್ಟು, ಬಂಟ್ವಾಳಕ್ಕೆಷ್ಟು, ಪುತ್ತೂರಿಗೆಷ್ಟು ಅಂತ ನೀವೇ ಊಹಿಸಿ.

ಸರಕಾರ ಕೊಟ್ಟದ್ದು, ತೆಗೆದದ್ದು

“ಸಬ್ಸಿಡಿ ಸಿಗುತ್ತದಲ್ಲ ಉಸ್ತಾದ್?” ಎಂದು ಕೇಳುವವರು ಒಂದು ವಿಷಯ ತಿಳಿದಿರಬೇಕು. ಕೇಂದ್ರದ ಫೇಮ್ ಎರಡನೇ ಹಂತದ ಯೋಜನೆ 2019ರ ಏಪ್ರಿಲ್‌ನಿಂದ 2024ರ ಮಾರ್ಚ್ ತನಕ ಇತ್ತು. ಆಮೇಲೆ 2024ರ ಅಕ್ಟೋಬರ್‌ನಿಂದ ಪಿಎಂ ಇ-ಡ್ರೈವ್ ಬಂತು, ಒಟ್ಟು 10,900 ಕೋಟಿ ರೂಪಾಯಿಯ ಯೋಜನೆ. ಅದರಲ್ಲಿ ದ್ವಿಚಕ್ರ, ತ್ರಿಚಕ್ರ, ಬಸ್ಸು, ಆ್ಯಂಬುಲೆನ್ಸ್, ಲಾರಿ, ಚಾರ್ಜಿಂಗ್ ಕೇಂದ್ರ ಎಲ್ಲಕ್ಕೂ ಹಣ ಇಟ್ಟಿದ್ದರು. ಮನೆಯವರು ಓಡಿಸುವ ಕಾರಿಗೆ ಇಲ್ಲ.

ಕಾರಿಗೆ ಸಿಗುವ ಮುಖ್ಯ ಲಾಭ ತೆರಿಗೆಯದ್ದು. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5 ಶೇಕಡಾ ಮಾತ್ರ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿಯೂ 28ರಿಂದ 18ಕ್ಕೆ ಇಳಿಯಿತು. ಅಂದರೆ ಎರಡರ ನಡುವಿನ ಅಂತರ ಪೆಟ್ರೋಲ್ ಕಾರಿನ ಕಡೆಗೆ ವಾಲಿತು. ನಮ್ಮಲ್ಲಿ ಹೆಚ್ಚಿನವರು ನೋಡುವುದೇ ಸಣ್ಣ ಕಾರು. ಹಾಗಾಗಿ ಎರಡು ವರ್ಷದ ಹಿಂದೆ ಯಾರೋ ಮಾಡಿದ ಲೆಕ್ಕ ಹಿಡಿದುಕೊಂಡು ಶೋರೂಮಿಗೆ ಹೋಗಬೇಡಿ. ರಾಜ್ಯದ ರಸ್ತೆ ತೆರಿಗೆಯಲ್ಲೂ 2024ರಲ್ಲಿ ಬದಲಾವಣೆ ಆಗಿ, 25 ಲಕ್ಷಕ್ಕಿಂತ ದುಬಾರಿ ಎಲೆಕ್ಟ್ರಿಕ್ ಕಾರಿಗೆ ತೆರಿಗೆ ಬಂತು. ಬುಕಿಂಗ್ ಹಣ ಕೊಡುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಆ ದಿನದ ದರ ಕೇಳಿಯೇ ಮುಂದುವರಿಯಿರಿ.

ತಿಂಗಳಿಗೆ ಎಷ್ಟು ಕಿಲೋಮೀಟರ್?

ಈಗ ಮನೆಯ ಲೆಕ್ಕಕ್ಕೆ ಬರೋಣ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಕಾರು ಲೀಟರಿಗೆ 16 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ 6 ರೂಪಾಯಿ 40 ಪೈಸೆ ಆಯಿತು. ಕರೆಂಟಿನ ಸಣ್ಣ ಕಾರು ಒಂದು ಯೂನಿಟ್‌ಗೆ ಸುಮಾರು 7 ಕಿಲೋಮೀಟರ್ ಓಡುತ್ತದೆ. ಚಾರ್ಜ್ ಆಗುವಾಗ ಸ್ವಲ್ಪ ಪೋಲಾಗುವುದೂ ಸೇರಿ, ಮನೆಯ ಕರೆಂಟಾದರೆ ಕಿಲೋಮೀಟರಿಗೆ ಒಂದು ರೂಪಾಯಿ ಆಸುಪಾಸು. ಹೊರಗಿನ ವೇಗದ ಚಾರ್ಜರಿನಲ್ಲಿ ಯೂನಿಟ್‌ಗೆ 20 ರೂಪಾಯಿ ಎಂದರೆ ಕಿಲೋಮೀಟರಿಗೆ ಮೂರು ರೂಪಾಯಿ ದಾಟುತ್ತದೆ. ಮನೆಯಲ್ಲಿ ಪ್ಲಗ್ ಇದ್ದವನಿಗೂ ಇಲ್ಲದವನಿಗೂ ಖರ್ಚಿನಲ್ಲಿ ಮೂರು ಪಟ್ಟು ವ್ಯತ್ಯಾಸ!

ಇನ್ನು ಗೃಹಜ್ಯೋತಿ. ಇದನ್ನು ಶೋರೂಮಿನಲ್ಲಿ ಹೇಳುವವರು ಕಡಿಮೆ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ 10 ಶೇಕಡಾ ಸೇರಿಸಿ ಉಚಿತ ಯೂನಿಟ್ ನಿಗದಿಯಾಗಿದೆ. ಆ ಮಿತಿ ದಾಟಿದರೂ ಬಳಕೆ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ ಕಟ್ಟಬೇಕು. 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು.

ಒಂದು ಮನೆಯ ಉಚಿತ ಮಿತಿ 110 ಯೂನಿಟ್, ಬಳಕೆ 100 ಎಂದುಕೊಳ್ಳೋಣ. ತಿಂಗಳಿಗೆ 400 ಕಿಲೋಮೀಟರ್ ಓಡಿಸುವ ಕಾರಿಗೆ ಅರುವತ್ತು ಯೂನಿಟ್ ಚಿಲ್ಲರೆ ಬೇಕು. ಒಟ್ಟು 163. ಮಿತಿ ದಾಟಿದ 53 ಯೂನಿಟ್‌ಗೆ ಮುನ್ನೂರು ಚಿಲ್ಲರೆ ರೂಪಾಯಿ ಕಟ್ಟಿದರೆ ಮುಗಿಯಿತು. ಅದೇ 1,000 ಕಿಲೋಮೀಟರ್ ಓಡಿಸಿದರೆ 158 ಯೂನಿಟ್ ಬೇಕು. ಒಟ್ಟು 258. ಸೊನ್ನೆ ಬಿಲ್ಲು ಹೋಯಿತು. ಯೂನಿಟ್‌ಗೆ ಆರು ರೂಪಾಯಿ ಚಿಲ್ಲರೆ ಮತ್ತು ನಿಗದಿತ ಶುಲ್ಕ ಸೇರಿ ಬಿಲ್ಲು ಎರಡು ಸಾವಿರದ ಹತ್ತಿರ ಬರುತ್ತದೆ. ಆದರೂ ಹೆದರಬೇಕಾಗಿಲ್ಲ, 1,000 ಕಿಲೋಮೀಟರಿಗೆ ಪೆಟ್ರೋಲಿಗೇ 6,400 ರೂಪಾಯಿ ಬೇಕಿತ್ತು. ಆದರೆ “ಕರೆಂಟು ಫ್ರೀ ಅಲ್ವಾ” ಎಂದು ಕಾರು ತಗೊಂಡವರಿಗೆ ಮೊದಲ ಬಿಲ್ಲು ನೋಡಿದಾಗ ಬೇಸರ ಆಗಬಾರದು, ಅದಕ್ಕೆ ಹೇಳುತ್ತಿದ್ದೇನೆ.

ಇದಕ್ಕೊಂದು ದಾರಿಯೂ ಇದೆ. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ ವಾಹನ ಚಾರ್ಜ್ ಮಾಡಲಿಕ್ಕೆ ಬೇರೆಯೇ ಸಂಪರ್ಕ ಪಡೆಯಬಹುದು. ವಾಹನ ಚಾರ್ಜಿಂಗಿಗೆ ಪ್ರತ್ಯೇಕ ದರವೂ ಇದೆ. ಮನೆಯ ಮೀಟರು ಮನೆಗೆ, ಕಾರಿನ ಮೀಟರು ಕಾರಿಗೆ. ಆ ಮೀಟರಿಗೂ ನಿಗದಿತ ಶುಲ್ಕ ಇರುತ್ತದೆ, ಹಾಗಾಗಿ ಕಡಿಮೆ ಓಡಿಸುವವರಿಗೆ ಅದು ಬೇಡ. ಹೆಚ್ಚು ಓಡಿಸುವವರು ಕರಾವಳಿಯಲ್ಲಾದರೆ ಮೆಸ್ಕಾಂ, ಇಲ್ಲಿಯಾದರೆ ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಬೇಕು.

ಈಗ ಕೊನೆಯ ಗುಣಾಕಾರ. ಪೆಟ್ರೋಲ್ ಕಾರಿಗಿಂತ ಕರೆಂಟಿನ ಕಾರಿಗೆ ಎಲ್ಲ ಸೇರಿ ಎರಡು ಲಕ್ಷ ಹೆಚ್ಚು ಎಂದಿಟ್ಟುಕೊಳ್ಳಿ. ಮದುವೆ, ಆಸ್ಪತ್ರೆ, ಉಮ್ಮನ ಮನೆ ಎಂದು ತಿಂಗಳಿಗೆ 300 ಕಿಲೋಮೀಟರ್ ಮಾತ್ರ ಓಡಿಸುವ ಮನೆಗೆ ತಿಂಗಳ ಉಳಿತಾಯ 1,600 ರೂಪಾಯಿ ಆಸುಪಾಸು. ಎರಡು ಲಕ್ಷ ವಾಪಸು ಬರಲು ಹತ್ತು ವರ್ಷ ಬೇಕು. ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವವನಿಗೆ ಉಳಿತಾಯ 4,400 ರೂಪಾಯಿ, ನಾಲ್ಕು ವರ್ಷದೊಳಗೆ ಹಣ ಬಂದು ಆಯಿತು. ಯಜಮಾನ ಗಲ್ಫಿನಲ್ಲಿ, ಕಾರು ಹತ್ತು ತಿಂಗಳು ಶೆಡ್ಡಿನಲ್ಲಿ ಎಂಬ ಮನೆಗೆ ಈ ಕಾರು ಲಾಭದ ಬಾಬ್ತು ಅಲ್ಲ. ದಿನಾ ಉಳ್ಳಾಲದಿಂದ ಮಂಗಳೂರಿಗೆ, ಸುರತ್ಕಲ್‌ನಿಂದ ಪೇಟೆಗೆ ಓಡಾಡುವ ಸ್ವಂತ ಮನೆಯವನಿಗೆ ಖಂಡಿತ ಲಾಭ.

ಸಾಲದ ಮಾತು

ಹೆಚ್ಚುವರಿ ಎರಡು ಲಕ್ಷ ಎಲ್ಲಿಂದ ಬರುತ್ತದೆ? ಹೆಚ್ಚಿನವರು ಬ್ಯಾಂಕಿನ ಕಡೆ ನೋಡುತ್ತಾರೆ. ಬಡ್ಡಿಯಿಂದ ದೂರ ಇರಬೇಕೆಂದು ನಿಯತ್ತು ಮಾಡಿದ ಮನೆಗಳಿಗೆ ಇದು ಬಡ್ಡಿಯ ದರದ ಪ್ರಶ್ನೆಯಲ್ಲ, ದೀನಿನ ಪ್ರಶ್ನೆ. ಅವರಿಗೆ ಕರೆಂಟಿನ ಕಾರು ಉಳಿದವರಿಗಿಂತ ಒಂದು ಮೆಟ್ಟಿಲು ದೂರ. ಇಡೀ ಹಣ ಮೊದಲೇ ಕೈಯಲ್ಲಿ ಬೇಕು, ಉಳಿತಾಯ ಬರುವುದು ನಿಧಾನಕ್ಕೆ.

ಬ್ಯಾಟರಿ ಬಿಟ್ಟು ಕಾರು ಮಾತ್ರ ಮಾರುವ, ಬ್ಯಾಟರಿಗೆ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ಬಾಡಿಗೆ ಪಡೆಯುವ ಪದ್ಧತಿ 2024ರಲ್ಲಿ ಎಂಜಿ ವಿಂಡ್ಸರ್ ಕಾರಿನೊಂದಿಗೆ ಬಂತು. ಆಗ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಎಂದು ಹೇಳಿದ್ದರು. ಕೈಯಿಂದ ಮೊದಲು ಹೋಗುವ ಹಣ ಕಡಿಮೆಯಾಗುತ್ತದೆ ನಿಜ. ಆದರೆ ಬಾಡಿಗೆ ಮೂರೂವರೆ, ಕರೆಂಟು ಒಂದು, ಎರಡೂ ಸೇರಿದರೆ ಕಿಲೋಮೀಟರಿಗೆ ನಾಲ್ಕೂವರೆ. ಪೆಟ್ರೋಲಿಗಿಂತ ಉಳಿಯುವುದು ಎರಡೇ ರೂಪಾಯಿ. ಅದರ ಒಪ್ಪಂದದ ಕಾಗದದಲ್ಲಿ ಹಣಕಾಸು ಕಂಪೆನಿಯ ಷರತ್ತುಗಳೂ ಇರುತ್ತವೆ. ಹೆಸರು ಬಾಡಿಗೆ ಎಂದಿದ್ದ ಮಾತ್ರಕ್ಕೆ ಸಹಿ ಹಾಕಬೇಡಿ. ಕಾಗದ ಪೂರ್ತಿ ಓದಿಸಿ, ನಿಮ್ಮ ಜಮಾಅತಿನ ತಿಳಿದವರಿಗೆ ತೋರಿಸಿ.

ನಮ್ಮಲ್ಲಿ ಹೆಚ್ಚಿನವರ ಮೊದಲ ಕಾರು ಸೆಕೆಂಡ್ ಹ್ಯಾಂಡ್. ಪೆಟ್ರೋಲ್ ಕಾರಾದರೆ ಪರಿಚಯದ ಮೆಕ್ಯಾನಿಕ್ ಬಂದು ಎಂಜಿನ್ ಶಬ್ದ ಕೇಳಿಯೇ ಹೇಳಿಬಿಡುತ್ತಾನೆ. ಕರೆಂಟಿನ ಕಾರಿನ ಜೀವ ಬ್ಯಾಟರಿಯಲ್ಲಿದೆ, ಅದಕ್ಕೆ ಶಬ್ದವೇ ಇಲ್ಲ. ಬ್ಯಾಟರಿಯ ಸಾಮರ್ಥ್ಯ ಎಷ್ಟು ಉಳಿದಿದೆ ಎಂಬ ವರದಿಯನ್ನು ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ತೆಗೆಸದೆ ಹಳೆ ಕಾರು ಕೊಳ್ಳಬೇಡಿ. ಹಲವು ಕಾರುಗಳ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ತನಕ ವಾರಂಟಿ ಇದೆ. ಅದು ಎರಡನೇ ಮಾಲಕನಿಗೂ ಪೂರ್ತಿ ಸಿಗುತ್ತದಾ ಎಂದು ಲಿಖಿತವಾಗಿ ಕೇಳಿ.

ಘಾಟಿ ಮತ್ತು ದೂರ

ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಹತ್ತಿ, ಹಾಸನ, ಬೆಂಗಳೂರು ದಾಟಿ ಕೋಲಾರಕ್ಕೆ ಬರುತ್ತದೆ. ಊರಿನಿಂದ ನನ್ನ ಕಡೆಗೆ ಬರುವ ದಾರಿ ಇದೇ. ಕರೆಂಟಿನ ಕಾರು ಘಾಟಿ ಹತ್ತುತ್ತದೆ, ಪೆಟ್ರೋಲ್ ಕಾರಿಗಿಂತ ಸುಲಭವಾಗಿಯೇ ಹತ್ತುತ್ತದೆ. ಆದರೆ ಒಂದೂವರೆ ಟನ್ ಭಾರವನ್ನು ಗುಂಡ್ಯದಿಂದ ಸಕಲೇಶಪುರದವರೆಗೆ ಸುಮಾರು 800 ಮೀಟರ್ ಮೇಲಕ್ಕೆ ಎತ್ತಲಿಕ್ಕೇ ಮೂರು ಯೂನಿಟ್‌ಗಿಂತ ಹೆಚ್ಚು ಬೇಕು. ಇದು ಓಡಲು ಬೇಕಾದ ಕರೆಂಟು ಬಿಟ್ಟು ಬೇರೆ. 24 ಯೂನಿಟಿನ ಸಣ್ಣ ಬ್ಯಾಟರಿಯಲ್ಲಿ ಅದು ದೊಡ್ಡ ಪಾಲು. ಇಳಿಯುವಾಗ ಸ್ವಲ್ಪ ಭಾಗ ಬ್ಯಾಟರಿಗೆ ವಾಪಸು ಬರುತ್ತದೆ. ಹಾಗಾಗಿ ಬೆಂಗಳೂರಿಗೆ ಹೋಗುವ ಲೆಕ್ಕ ಬೇರೆ, ಬರುವ ಲೆಕ್ಕ ಬೇರೆ.

ಜಾಹೀರಾತಿನಲ್ಲಿ ಹೇಳಿದ ದೂರ ರಸ್ತೆಯಲ್ಲಿ ಸಿಗುವುದಿಲ್ಲ. ಎಸಿ ಹಾಕಿ, ನಾಲ್ಕು ಜನ ಕುಳಿತು, ವೇಗವಾಗಿ ಹೋದರೆ ಮೂರರಲ್ಲಿ ಒಂದು ಪಾಲು ಕಡಿಮೆ ಎಂದೇ ಹಿಡಿಯಿರಿ. ನಮ್ಮ ಬಂಗಾರಪೇಟೆ, ಕೆಜಿಎಫ್ ಪಕ್ಕದಿಂದ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋಗಿದೆ. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಸುಮಾರು 70 ಕಿಲೋಮೀಟರ್ ರಸ್ತೆ ಬಳಕೆಗೆ ಬಂದಿದೆ. ಅಂಥ ರಸ್ತೆಯಲ್ಲಿ 110ರ ವೇಗದಲ್ಲಿ ಹೋದರೆ ಬ್ಯಾಟರಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಗಾಳಿಯನ್ನು ಸೀಳಿಕೊಂಡು ಹೋಗಲಿಕ್ಕೆ ಅಷ್ಟು ಶಕ್ತಿ ಬೇಕು.

ಮಂಗಳೂರು-ಬೆಂಗಳೂರು 350 ಕಿಲೋಮೀಟರ್. ಸಣ್ಣ ಬ್ಯಾಟರಿಯ ಕಾರಿನವರು ದಾರಿಯಲ್ಲಿ ಎರಡು ಸಲವಾದರೂ ನಿಲ್ಲಬೇಕು. ಚಾರ್ಜರ್ ಕೆಟ್ಟಿದ್ದರೆ, ಮುಂದೆ ಎರಡು ಕಾರು ಕಾಯುತ್ತಿದ್ದರೆ ತಡ ಆಗುತ್ತದೆ. ಮಯ್ಯಿತ್ ಮನೆಗೆ, ಆಸ್ಪತ್ರೆಗೆ ಎಂದು ರಾತ್ರೋರಾತ್ರಿ ಹೊರಡುವುದು ನಮ್ಮಲ್ಲಿ ಸಾಮಾನ್ಯ. ಇಡೀ ಮನೆಗೆ ಒಂದೇ ಕಾರು, ಅದೂ ದೂರ ಓಡುವ ಕಾರು ಎಂದಾದರೆ ಸದ್ಯಕ್ಕೆ ಪೆಟ್ರೋಲಿನದ್ದೇ ನೆಮ್ಮದಿ. ಮನೆಯಲ್ಲಿ ಎರಡು ಗಾಡಿ ಇದ್ದರೆ ಊರೊಳಗೆ ಓಡುವುದನ್ನು ಕರೆಂಟಿನದ್ದು ಮಾಡಿ.

ಸ್ಕೂಟರು ಮೊದಲು

ಸಾಧಾರಣ ಮನೆಗಳಿಗೆ ಈ ಬದಲಾವಣೆ ಬರುವುದು ಕಾರಿನಿಂದ ಅಲ್ಲ, ಸ್ಕೂಟರಿನಿಂದ. ತಿಂಗಳಿಗೆ 700 ಕಿಲೋಮೀಟರ್ ಓಡಿದರೂ ಸ್ಕೂಟರಿಗೆ ಬೇಕಾಗುವುದು ಇಪ್ಪತ್ತು, ಇಪ್ಪತ್ತೈದು ಯೂನಿಟ್. ಹೆಚ್ಚಿನ ಮನೆಗಳಲ್ಲಿ ಗೃಹಜ್ಯೋತಿಗೆ ದೊಡ್ಡ ಪೆಟ್ಟು ಬೀಳುವುದಿಲ್ಲ. ಕೋಲಾರದ ನರಸಾಪುರದಲ್ಲಿರುವ ಹೋಂಡಾ ಕಾರ್ಖಾನೆಯೂ 2024ರ ಕೊನೆಗೆ ಕರೆಂಟಿನ ಸ್ಕೂಟರಿಗೆ ಕೈ ಹಾಕಿತು. ಇದುವರೆಗೆ ಪೆಟ್ರೋಲ್ ಸ್ಕೂಟರು ಹೊರಬರುತ್ತಿದ್ದ ಕಾರ್ಖಾನೆ ಅದು.

ಆದರೆ ಇಲ್ಲಿಯ ಲೈನ್ ಮನೆಗಳನ್ನು ನೋಡಿದರೆ ಕಷ್ಟ ಗೊತ್ತಾಗುತ್ತದೆ. ಗೋಡೆಗೆ ಗೋಡೆ ತಾಗಿದ ಮನೆ. ಬಾಗಿಲು ತೆರೆದರೆ ಓಣಿ. ವಯರಿಂಗ್ ಹಳತು, ಅರ್ಥಿಂಗ್ ನಂಬುವ ಹಾಗಿಲ್ಲ. ಕಿಟಕಿಯಿಂದ ಎಕ್ಸ್‌ಟೆನ್ಶನ್ ಬೋರ್ಡು ಎಳೆದು ರಾತ್ರಿ ಇಡೀ ಚಾರ್ಜಿಗೆ ಹಾಕುವುದು ಅಪಾಯ. ಮಂಗಳೂರಿನ ಹಳೆ ಬಾಡಿಗೆ ಮನೆಗಳಲ್ಲೂ ಕಥೆ ಇದೇ. 2022ರಲ್ಲಿ ದೇಶದ ಹಲವು ಕಡೆ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿಯ ಸುರಕ್ಷತಾ ನಿಯಮ ಬಿಗಿಯಾಯಿತು. 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಎಂದು ಎರಡು ಹಂತದಲ್ಲಿ ಜಾರಿಗೆ ಬಂತು. ಅದಕ್ಕಿಂತ ಹಳೆಯ ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂದು ಆಸೆ ಪಡಬೇಡಿ. ಮನೆಗೆ ಎಲೆಕ್ಟ್ರಿಷಿಯನ್ ಕರೆಸಿ, ಒಂದು 15 ಆ್ಯಂಪಿಯರ್ ಪ್ಲಗ್, ಅದಕ್ಕೆ ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್ ಹಾಕಿಸಿ. ಕಾರಿಗಾದರೆ ಮನೆಗೆ ಮಂಜೂರಾದ ಲೋಡ್ ಸಾಕಾ ಎಂದೂ ನೋಡಿ. ಗಾಡಿ ಮಲಗುವ ಕೋಣೆಯ ಬಾಗಿಲಲ್ಲಿ, ಮೆಟ್ಟಿಲ ಕೆಳಗೆ ಚಾರ್ಜ್ ಆಗುವುದು ಬೇಡ. ಬೆಂಕಿ ಬಂದರೆ ಹೊರಗೆ ಓಡುವ ದಾರಿಯೇ ಅದು.

ಗ್ಯಾರೇಜಿನ ಹುಡುಗರು

ಕೊಳ್ಳುವವರ ಲೆಕ್ಕ ಆಯಿತು. ಈ ಬದಲಾವಣೆಯಿಂದ ಕೆಲಸ ಕಳಕೊಳ್ಳುವವರು ಯಾರು? ಕರೆಂಟಿನ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಸೈಲೆನ್ಸರ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ. ನಮ್ಮ ಎಷ್ಟೋ ಹುಡುಗರು ಹತ್ತನೇ ತರಗತಿ ಮುಗಿಸಿ ಗ್ಯಾರೇಜು ಸೇರಿದವರು. ಬಿಡಿಭಾಗದ ಅಂಗಡಿ ಇಟ್ಟವರಿದ್ದಾರೆ, ಆಟೋ ಓಡಿಸುವವರಿದ್ದಾರೆ. ಬ್ಯಾಟರಿ ಆಟೋಗೆ ಪರ್ಮಿಟ್ ಬೇಡ ಎಂದು ಕೇಂದ್ರ ಸರಕಾರ 2018ರ ಅಕ್ಟೋಬರ್‌ನಲ್ಲೇ ವಿನಾಯಿತಿ ಕೊಟ್ಟಿದೆ. ವರ್ಷಗಟ್ಟಲೆ ಕಾದು ಪರ್ಮಿಟ್ ಪಡೆದ ಮಂಗಳೂರಿನ ಹಳೆ ಆಟೋದವರು ಬೀದಿಗಿಳಿದು ಪ್ರತಿಭಟನೆ ಮಾಡಿದ್ದು ಇದಕ್ಕೇ. ಅವರ ಸಿಟ್ಟಿನಲ್ಲಿ ಅರ್ಥವಿದೆ. ಬ್ಯಾಟರಿ ಆಟೋ ಓಡಿಸುವವನೂ ಹೊಟ್ಟೆಪಾಡಿಗೇ ಬಂದವನು. ನಿಯಮ ಮಾಡಿದವರು ಎರಡೂ ಕಡೆಯವರನ್ನು ಕೂರಿಸಿ ಮಾತಾಡಬೇಕಿತ್ತು.

ಒಂದು ಕಸುಬಿನ ಕಾಲ ಮುಗಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಬೆಳಿಗ್ಗೆ ಮಾರಿಕುಪ್ಪಂ ನಿಲ್ದಾಣಕ್ಕೆ ಬರಬೇಕು. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿತು. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸಾಗುತ್ತಾರೆ. ಚಿನ್ನ ಕಡಿಮೆಯಾಗುತ್ತಿದೆ, ಗಣಿ ನಷ್ಟದಲ್ಲಿದೆ ಎಂದು ವರ್ಷಗಳ ಮೊದಲೇ ಎಲ್ಲರಿಗೂ ಗೊತ್ತಿತ್ತು. ಆದರೂ ಆ ಜನಕ್ಕೆ ಬೇರೆ ಕೆಲಸ ಕಲಿಸುವ ದೊಡ್ಡ ಏರ್ಪಾಡು ಆಗಲಿಲ್ಲ. ಚಿನ್ನ ಹೊರಗೆ ಹೋಯಿತು. ಸೈನೈಡ್ ಮಣ್ಣಿನ ದಿಬ್ಬಗಳು, ಗಾಳಿ ಬೀಸಿದಾಗ ಏಳುವ ಧೂಳು ಇಲ್ಲಿಯವರಿಗೆ ಉಳಿಯಿತು. ನಾಳೆ ಹಳೆ ಬ್ಯಾಟರಿಗಳು ಗುಡ್ಡೆ ಬಿದ್ದಾಗಲೂ ಇದೇ ಆಗಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆ ಬ್ಯಾಟರಿಯ ಜವಾಬ್ದಾರಿ ತಯಾರಿಸಿದವರದ್ದು. ಗುಜರಿಯವರು ಅದನ್ನು ಒಡೆಯಲು ಹೋಗದೆ ಅಧಿಕೃತ ಕೇಂದ್ರಕ್ಕೇ ಕೊಡಬೇಕು.

ಪೆಟ್ರೋಲ್ ಕಾರು ನಾಳೆ ಬೆಳಿಗ್ಗೆ ಮಾಯ ಆಗುವುದಿಲ್ಲ. ಇನ್ನೂ ಎಷ್ಟೋ ವರ್ಷ ಓಡುತ್ತದೆ. ಆ ಸಮಯವೇ ನಮ್ಮ ಹುಡುಗರ ಬಂಡವಾಳ. ಗ್ಯಾರೇಜು ಇಟ್ಟವರು ಒಬ್ಬ ಹುಡುಗನನ್ನಾದರೂ ಈಗಲೇ ಐಟಿಐಗೆ, ಎಲೆಕ್ಟ್ರಿಕ್ ವಾಹನದ ತರಬೇತಿಗೆ ಕಳಿಸಬೇಕು. ಹೆಚ್ಚು ವೋಲ್ಟೇಜಿನ ಬ್ಯಾಟರಿ ನೋಡಿ ಕಲಿಯುವ ಕೆಲಸ ಅಲ್ಲ, ತಪ್ಪಿದರೆ ಜೀವಕ್ಕೆ ಅಪಾಯ.

ಜಮಾಅತುಗಳು ಏನು ಮಾಡಬಹುದು?

ಶಿವನಸಮುದ್ರದ ತಂತಿಯನ್ನು ಒಬ್ಬೊಬ್ಬನೇ ಎಳೆಯಲಿಲ್ಲ. ಬಾಡಿಗೆ ಮನೆಯವನ ಪ್ಲಗ್ ಕೂಡ ಅವನೊಬ್ಬನಿಂದ ಆಗುವ ಕೆಲಸವಲ್ಲ. ಮಸೀದಿಯ ಕಂಪೌಂಡು, ಸಮುದಾಯ ಭವನ, ಶಾಲೆ, ನಮ್ಮವರೇ ಕಟ್ಟಿಸಿದ ಬಾಡಿಗೆ ಕಟ್ಟಡಗಳು, ಇಲ್ಲೆಲ್ಲ ಜಾಗ ಇದೆ. ಬೇರೆ ಮೀಟರ್ ಹಾಕಿಸಿದ ನಾಲ್ಕೈದು ಪ್ಲಗ್ ಇಟ್ಟರೆ ಬಾಡಿಗೆ ಮನೆಯವರ ಸ್ಕೂಟರು, ಆಟೋ ರಾತ್ರಿ ಅಲ್ಲಿ ಚಾರ್ಜ್ ಆಗಬಹುದು. ಬಳಸಿದವರು ಯೂನಿಟ್ ಲೆಕ್ಕದಲ್ಲಿ ಹಣ ಕೊಡಲಿ, ಲೆಕ್ಕ ಪುಸ್ತಕದಲ್ಲಿ ಬರೆದಿಡಿ. ದೊಡ್ಡ ವೇಗದ ಚಾರ್ಜರ್ ಬೇಕಾಗಿಲ್ಲ. ರಾತ್ರಿ ಎಂಟು ಗಂಟೆ ನಿಲ್ಲುವ ಗಾಡಿಗೆ ಸಾಧಾರಣ ಪ್ಲಗ್ಗೇ ಸಾಕು. ಜಮಾಅತಿನ ಸಭೆಯಲ್ಲಿ ಇದೊಂದು ವಿಷಯ ಚರ್ಚೆಗೆ ಬರಲಿ. ಪಂಚಾಯತ್, ನಗರಸಭೆಯ ಸದಸ್ಯರು ಮತ ಕೇಳಲು ಬಂದಾಗ ರಸ್ತೆ, ಚರಂಡಿಯ ಜೊತೆ ಚಾರ್ಜಿಂಗ್ ಜಾಗವನ್ನೂ ಕೇಳಿ.

ಕೊನೆಗೆ, ತಗೊಳ್ಳಬೇಕಾ ಬೇಡವಾ ಎಂದು ಇನ್ನೂ ಯೋಚಿಸುತ್ತಿರುವವರಿಗೆ ಒಂದು ಕೆಲಸ. ಮುಂದಿನ ಒಂದು ತಿಂಗಳು ಕಾರಿನ ಮೀಟರು ನೋಡಿ ಎಷ್ಟು ಕಿಲೋಮೀಟರ್ ಓಡಿತು ಎಂದು ಬರೆದಿಡಿ. ಕರೆಂಟು ಬಿಲ್ಲಿನಲ್ಲಿ ಎಷ್ಟು ಯೂನಿಟ್ ಬಂತು ಎಂದೂ ಬರೆದಿಡಿ. ಕಾರು ನಿಲ್ಲುವ ಜಾಗಕ್ಕೂ ಮೀಟರ್ ಬೋರ್ಡಿಗೂ ಎಷ್ಟು ಅಡಿ ದೂರ, ಅಲ್ಲಿಗೆ ತಂತಿ ಎಳೆಯಲು ಮನೆ ಮಾಲಕ ಒಪ್ಪುತ್ತಾರಾ ಎಂದು ಕೇಳಿ. ಕಿಲೋಮೀಟರ್ 800ಕ್ಕಿಂತ ಹೆಚ್ಚು, ಪ್ಲಗ್‌ಗೆ ದಾರಿ ಇದೆ, ಹಣ ಕೈಯಲ್ಲಿದೆ ಎಂದಾದರೆ ಧೈರ್ಯವಾಗಿ ತಗೊಳ್ಳಿ. ಇಲ್ಲದಿದ್ದರೆ ಇರುವ ಕಾರನ್ನೇ ಸರಿಯಾಗಿ ಸರ್ವಿಸ್ ಮಾಡಿಸಿ ಇನ್ನೆರಡು ವರ್ಷ ಓಡಿಸಿ. ಪಕ್ಕದ ಮನೆಯವರು ತಗೊಂಡರು ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.